ಪೋರ್ಟೋವೆನೆರೆಗೆ ಅಮ್ಮನ ಜೊತೆ: ಹೋಗಿ ಬಂದವರು ಸ್ವಲ್ಪ ಹೇಳಿ

ಎಲ್ಲರಿಗೂ ನಮಸ್ಕಾರ. ಅಕ್ಟೋಬರ್ ಕೊನೆಯ ವಾರ ಅಮ್ಮನನ್ನು ಇಟಲಿಗೆ ಕರೆದುಕೊಂಡು ಹೋಗುತ್ತಿದ್ದೇನೆ. ಅಲ್ಲಿನ ಕಡಲತೀರದ ಚಿಂಕ್ವೆ ತೆರ್ರೆಯ ಐದು ಊರುಗಳಲ್ಲಿ ಜನಜಂಗುಳಿ ಜಾಸ್ತಿ ಅಂತ ಪಕ್ಕದ ಬಂದರಿನ ಊರು ಪೋರ್ಟೋವೆನೆರೆ ಆರಿಸಿಕೊಂಡೆ. 1997ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಇವೆಲ್ಲ ಒಟ್ಟಿಗೇ ಸೇರಿದವು, ಆದರೆ ಇಲ್ಲಿಗೆ ರೈಲು ಬರುವುದಿಲ್ಲ. ಅದೇ ನನ್ನ ತಲೆನೋವು.

ಹತ್ತಿರದ ಲಾ ಸ್ಪೆಜಿಯಾ ನಗರದಲ್ಲಿ ರೈಲು ಇಳಿದು ಬಸ್ಸು ಹಿಡಿಯಬೇಕು, ಇಲ್ಲವೇ ದೋಣಿ. ಅಮ್ಮನಿಗೆ ದೋಣಿಯೇ ಬೇಕಂತೆ. ಬಂದರಿನ ಉದ್ದಕ್ಕೂ ಒತ್ತಿಕೊಂಡು ನಿಂತ ಬಣ್ಣದ ಮನೆಗಳ ಸಾಲನ್ನು ನೀರಿನಿಂದಲೇ ನೋಡಬೇಕು ಅಂತ ಹಟ. ಆದರೆ ಆ ಹೊತ್ತಿಗೆ ದೋಣಿಗಳ ಸೀಸನ್ ಮುಗಿಯುತ್ತಾ ಬಂದಿರುತ್ತದೆ, ಸಮುದ್ರ ಎದ್ದರೆ ಬಿಡುವುದೂ ಇಲ್ಲ. ಆ ಸಮಯದಲ್ಲಿ ಹೋದವರು ಯಾರಾದರೂ ಇದ್ದೀರಾ? ದೋಣಿ ಸಿಕ್ಕಿತಾ?

ಇನ್ನೊಂದು, ಮೆಟ್ಟಿಲು. ಅಮ್ಮನಿಗೆ ಮಂಡಿ ನೋವು. ನೆಲದ ತುದಿಯಲ್ಲಿ, ಬಂಡೆಯ ಮೇಲೆ, ಕಪ್ಪು ಬಿಳಿ ಪಟ್ಟೆಯ ಕಲ್ಲಿನ ಸಾನ್ ಪಿಯೆತ್ರೋ ಚರ್ಚು ಇದೆಯಲ್ಲ, ಅಲ್ಲಿಯವರೆಗಾದರೂ ನಿಧಾನಕ್ಕೆ ಕರೆದೊಯ್ಯಬಹುದಾ? ಮೇಲಿನ ದೋರಿಯಾ ಕೋಟೆಯ ಆಸೆ ನಾನೇ ಬಿಟ್ಟಿದ್ದೇನೆ. ಅವರನ್ನು ಬಂದರಿನಲ್ಲಿ ಕೂರಿಸಿ ಒಬ್ಬಳೇ ಓಡಿ ಹೋಗಿ ಬಂದರೂ ಬಂದೆ, ಹೇಳಲಾಗದು!

ಒಂದು ರಾತ್ರಿ ಅಲ್ಲೇ ಉಳಿಯುವುದು ಒಳ್ಳೆಯದಾ, ಲಾ ಸ್ಪೆಜಿಯಾದಲ್ಲಿ ಉಳಿದು ಹೋಗಿ ಬಂದರೆ ಸಾಕಾ? ಊರಿನ ಒಳಗಿನ ಓಣಿಯಲ್ಲಿ ರೂಮು ಸಿಕ್ಕಿದೆ, ಆದರೆ ಎರಡು ದೊಡ್ಡ ಸೂಟ್‌ಕೇಸ್ ಎಳೆದುಕೊಂಡು ಹೋಗಬೇಕಲ್ವಾ, ಅದೇ ಭಯ. ಈ ವಾರದೊಳಗೆ ಬುಕ್ ಮಾಡಬೇಕು, ದಯವಿಟ್ಟು ಗೊತ್ತಿದ್ದವರು ತಿಳಿಸಿ.