ಮಾನಿಟರ್ ಮುಂದೆ ಕುಳಿತಾಗ ಕಿವಿಯಲ್ಲಿ ಸಿಳ್ಳೆಯ ಸದ್ದು

ಪ್ರಶ್ನೆ (ಗಂಗಾವತಿ): ಅಕ್ಕಿ ಗಿರಣಿಯೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುವ ನನಗೆ, ಆರು ತಿಂಗಳಿಂದ ಕಂಪ್ಯೂಟರ್ ಮುಂದೆ ಕುಳಿತ ಸ್ವಲ್ಪ ಹೊತ್ತಿಗೇ ಬಲಗಿವಿಯಲ್ಲಿ ಸಣ್ಣಗೆ ಸಿಳ್ಳೆಯಂತಹ ಸದ್ದು ಶುರುವಾಗಿ ತಲೆ ಭಾರವಾಗುತ್ತದೆ. ರಾತ್ರಿ ಮಲಗಿದಾಗಲೂ ಅದು ನಿಲ್ಲುವುದಿಲ್ಲ. ಮಾನಿಟರಿನ ವಿದ್ಯುತ್ಕಾಂತೀಯ ಅಲೆಗಳೇ ಕಾರಣವೆಂದು ಜೊತೆಯವರು ಹೇಳುತ್ತಾರೆ. ಇದು ನಿಜವೇ?

ಉತ್ತರ (ರಾಯಚೂರು): ನಿಮ್ಮ ತೊಂದರೆ ಕಲ್ಪನೆಯಲ್ಲ. ವಿದ್ಯುತ್ಕಾಂತೀಯ ಅತಿಸೂಕ್ಷ್ಮತೆಯ, ಅಂದರೆ ಇಂತಹ ಅಲೆಗಳಿಂದ ತಮಗೆ ತೊಂದರೆಯಾಗುತ್ತದೆಂದು ಕೆಲವರು ಹೇಳುವ ಸ್ಥಿತಿಯ ಕುರಿತು ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲಿ ಪ್ರಕಟಿಸಿದ ಮಾಹಿತಿಪತ್ರವೂ ಲಕ್ಷಣಗಳು ನಿಜವೆಂದೇ ಒಪ್ಪುತ್ತದೆ. ಆದರೆ ಅವುಗಳನ್ನು ಅಲೆಗಳಿಗೆ ಜೋಡಿಸಲು ವೈಜ್ಞಾನಿಕ ಆಧಾರವಿಲ್ಲವೆಂದು ಹೇಳುತ್ತದೆ. ಅಲೆ ಇದೆಯೋ ಇಲ್ಲವೋ ಎಂಬುದನ್ನು ತಿಳಿಸದೆ ನಡೆಸಿದ ಪ್ರಯೋಗಗಳಲ್ಲಿ, ತಮಗೆ ಅತಿಸೂಕ್ಷ್ಮತೆ ಇದೆ ಎನ್ನುವವರೂ ಅದನ್ನು ಉಳಿದವರಿಗಿಂತ ಹೆಚ್ಚು ನಿಖರವಾಗಿ ಗುರುತಿಸಲಿಲ್ಲ. ಮಾನಿಟರಿನೊಳಗಿನ ಸುರುಳಿಗಳು ಕಂಪಿಸಿ ಕೀರಲು ಸದ್ದು ಮಾಡುವುದುಂಟು. ಅದು ಕಿವಿಗೆ ಕೇಳುವ ನಿಜವಾದ ಶಬ್ದ. ವಿದ್ಯುತ್ ಸಂಪರ್ಕ ತೆಗೆದ ಕೂಡಲೇ ನಿಲ್ಲುತ್ತದೆ. ನಿಮ್ಮದು ಮನೆಯಲ್ಲೂ ಕೇಳುತ್ತಿರುವುದರಿಂದ ಮಾನಿಟರಿನದಲ್ಲ.

ಉತ್ತರ (ಬಳ್ಳಾರಿ): ನನಗಂತೂ ಗಿರಣಿಯ ಗದ್ದಲದ ಮೇಲೆಯೇ ಅನುಮಾನ. ದಿನಕ್ಕೆ 8 ಗಂಟೆ 85 ಡೆಸಿಬೆಲ್ ಮೀರಿದ ಶಬ್ದದಲ್ಲಿ ವರ್ಷಗಟ್ಟಲೆ ದುಡಿದರೆ ಒಳಗಿವಿಯ ಸೂಕ್ಷ್ಮ ಕೋಶಗಳು ಹಾಳಾಗುತ್ತವೆ, ಅವು ಮತ್ತೆ ಬೆಳೆಯುವುದಿಲ್ಲ. ಕುಗ್ಗೆಯೂ ಕಾರಣವಿರಬಹುದು, ಆದರೆ ಕಡ್ಡಿ ಹಾಕಬೇಡಿ. ಒಂದೇ ಕಿವಿಯಲ್ಲಿ ಸದ್ದಿರುವುದರಿಂದ ಕಿವಿ, ಮೂಗು, ಗಂಟಲು ತಜ್ಞರಲ್ಲಿ ಶ್ರವಣ ಪರೀಕ್ಷೆ ಮಾಡಿಸಲೇಬೇಕು. ಕೇಳಿಸುವುದು ದಿಢೀರನೆ ಕಡಿಮೆಯಾದರೆ ಅದೇ ದಿನ ಹೋಗಿ.

ಪ್ರಶ್ನೆ ಕೇಳಿದವರು: ಅಕ್ಕಿ ಪಾಲಿಶ್ ಮಾಡುವ ಯಂತ್ರ ನನ್ನ ಮೇಜಿನ ಬಲಗಡೆಯ ಗೋಡೆಯಾಚೆಗೇ ಇದೆ. ಸೋಮವಾರ ಕೊಪ್ಪಳಕ್ಕೆ ಹೋಗಿ ಪರೀಕ್ಷೆ ಮಾಡಿಸುತ್ತೇನೆ.