ಮಕ್ಕಳ ಫುಟ್‌ಬಾಲ್ ಟೂರ್ನಿಗೆ ಮನೆಮಂದಿಯೆಲ್ಲ ಹೊರಟರೆ: ಕೋಚ್ ಜೊತೆ ಪ್ರಶ್ನೋತ್ತರ

ಈ ವಾರ ನಮ್ಮ ಗುಂಪಿನಲ್ಲಿ ಉತ್ತರ ಕೊಡುತ್ತಿರುವವರು ಬೆಂಗಳೂರಿನಲ್ಲಿ ಹದಿನಾಲ್ಕು ವರ್ಷದಿಂದ ಮಕ್ಕಳಿಗೆ ಫುಟ್‌ಬಾಲ್ ಕಲಿಸುತ್ತಿರುವ, ಸಣ್ಣಪುಟ್ಟ ಟೂರ್ನಿಗಳನ್ನು ನಡೆಸುವ ಕೋಚ್. ಪ್ರಶ್ನೆ ಕೇಳುವವರು ಹೆಸರು ಹಾಕಬೇಕಾಗಿಲ್ಲ.

ಪ್ರಶ್ನೆ (ಹನ್ನೊಂದು ವರ್ಷದ ಹುಡುಗನ ಅಮ್ಮ, ಯಲಹಂಕ): ನಮಸ್ತೆ ಕೋಚ್ ಸರ್. ಹೋದ ಭಾನುವಾರ ಮಗನ ಟೂರ್ನಮೆಂಟ್ ಇತ್ತು. ಬೆಳಿಗ್ಗೆ ಏಳಕ್ಕೆ ಬನ್ನಿ ಅಂದರು. ಮೊದಲ ಮ್ಯಾಚ್ ಶುರುವಾದದ್ದು ಹತ್ತೂಕಾಲಿಗೆ, ಎರಡನೆಯದು ಮಧ್ಯಾಹ್ನ ಎರಡಕ್ಕೆ. ಎರಡೂ ಸೋತೆವು, ಮನೆಗೆ ಬಂದೆವು. ಒಟ್ಟು ಆಟ ನಲವತ್ತು ನಿಮಿಷ. ಅದರಲ್ಲಿ ನನ್ನ ಮಗ ಆಡಿದ್ದು ಆರು ನಿಮಿಷ. ಅತ್ತೆಯವರೂ ಬಂದಿದ್ದರು, ಅವರಿಗೆ ಕೂರಲು ಒಂದು ಕುರ್ಚಿ ಇರಲಿಲ್ಲ. ಚಿಕ್ಕವಳು ಕಾರಿನಲ್ಲೇ ಮಲಗಿದಳು. ಈಗ ನಮ್ಮ ಅಪಾರ್ಟ್‌ಮೆಂಟಿನವರೇ ಆಗಸ್ಟ್‌ನಲ್ಲಿ ಅಂಡರ್-12 ಟೂರ್ನಿ ಮಾಡೋಣ ಅಂತಿದ್ದಾರೆ. 16 ತಂಡ, ಏಳು ಜನರ ಆಟ, ಎರಡು ಅಂಕಣ, ಒಂದೇ ದಿನ. ಮನೆಯವರೆಲ್ಲ ಖುಷಿಯಾಗಿ ಬಂದು ಹೋಗಬೇಕು ಅಂದರೆ ಏನು ಮಾಡಬೇಕು?

ಉತ್ತರ: ಮೇಡಂ, ನಿಮ್ಮ ಪ್ರಶ್ನೆಯಲ್ಲೇ ಕಾಯಿಲೆ ಯಾವುದು ಅಂತ ಗೊತ್ತಾಗುತ್ತಿದೆ. ಕಾಯುವುದು! ಮಕ್ಕಳು ಸೋತದ್ದನ್ನು ರಾತ್ರಿ ಊಟದ ಹೊತ್ತಿಗೆ ಮರೆಯುತ್ತಾರೆ. ದೊಡ್ಡವರು ಬಿಸಿಲಲ್ಲಿ ಮೂರು ಗಂಟೆ ಸುಮ್ನೆ ನಿಂತದ್ದನ್ನು ಮುಂದಿನ ವರ್ಷದವರೆಗೂ ಮರೆಯುವುದಿಲ್ಲ. ಹಾಗಾಗಿ ನನ್ನನ್ನು ಯಾರಾದರೂ ಟೂರ್ನಿ ನಡೆಸಲು ಕರೆದರೆ ಟ್ರೋಫಿ, ಜೆರ್ಸಿ, ಬ್ಯಾನರ್ ಆಮೇಲೆ, ಮೊದಲು ಪಂದ್ಯದ ಪಟ್ಟಿ ತೋರಿಸಿ ಅಂತೀನಿ.

ನಿಮ್ಮ 16 ತಂಡದ ಲೆಕ್ಕ ಹಾಕೋಣ. ನಾಲ್ಕು ತಂಡಗಳ ನಾಲ್ಕು ಗುಂಪು. ಗುಂಪಿಗೆ ಆರು ಪಂದ್ಯ, ಒಟ್ಟು 24. ಪಂದ್ಯಕ್ಕೆ 10 ಮತ್ತು 10 ನಿಮಿಷ, ನಡುವೆ ಎರಡು ನಿಮಿಷ ನೀರು ಕುಡಿಯಲು, ತಂಡ ಬದಲಾಗಲು ಮೂರು ನಿಮಿಷ. ಅಂದರೆ ಒಂದು ಸರದಿಗೆ 25 ನಿಮಿಷ.

ಸಾಮಾನ್ಯವಾಗಿ ಏನು ಮಾಡುತ್ತಾರೆ ಅಂದರೆ ಹದಿನಾರೂ ತಂಡಗಳನ್ನು ಏಳಕ್ಕೇ ಕರೆಸಿಬಿಡುತ್ತಾರೆ. ನಿಮಗೆ ಆಗಿದ್ದು ಅದೇ. ಹಾಗೆ ಮಾಡಬೇಡಿ. ಎ ಮತ್ತು ಬಿ ಗುಂಪಿನ ಎಂಟು ತಂಡ ಮಾತ್ರ ಏಳಕ್ಕೆ ಬರಲಿ. ಮೊದಲ ಸರದಿಯಲ್ಲಿ ಎ ಗುಂಪಿನ ನಾಲ್ಕೂ ತಂಡ ಎರಡು ಅಂಕಣದಲ್ಲಿ ಆಡಲಿ. ಮುಂದಿನ ಸರದಿ ಬಿ ಗುಂಪಿನದು. ಹೀಗೆ ಒಂದು ಬಿಟ್ಟು ಒಂದು. ಆಡು, ಇಪ್ಪತ್ತೈದು ನಿಮಿಷ ಕೂತುಕೋ, ಮತ್ತೆ ಆಡು. ಆರು ಸರದಿಯಲ್ಲಿ, ಅಂದರೆ ಒಂಬತ್ತೂವರೆಗೆ, ಎಲ್ಲರದ್ದೂ ಮೂರು ಮೂರು ಪಂದ್ಯ ಮುಗಿಯಿತು.

ಇಪ್ಪತ್ತು ನಿಮಿಷ ವಿರಾಮ. ಆಮೇಲೆ ಎ ಗುಂಪಿನ ಮೊದಲಿಗರು ಬಿ ಗುಂಪಿನ ಎರಡನೆಯವರ ಜೊತೆ, ಬಿ ಮೊದಲಿಗರು ಎ ಎರಡನೆಯವರ ಜೊತೆ. ಇವು ಕ್ವಾರ್ಟರ್ ಫೈನಲ್. ಅದೇ ರೀತಿ ಮೂರನೆಯವರು ಎದುರು ಗುಂಪಿನ ನಾಲ್ಕನೆಯವರ ಜೊತೆ ಆಡಲಿ, ಅದಕ್ಕೆ ಪ್ಲೇಟ್ ಅಂತ ಹೆಸರಿಡಿ. ಹತ್ತು ನಲವತ್ತಕ್ಕೆ ಈ ಎಂಟೂ ತಂಡಗಳ ಕೆಲಸ ಮುಗಿಯಿತು. ಕೊನೆಯ ಸ್ಥಾನದ ತಂಡಕ್ಕೂ ನಾಲ್ಕು ಪಂದ್ಯ, ಎಂಬತ್ತು ನಿಮಿಷದ ಆಟ ಸಿಕ್ಕಿತು. ಮನೆಯವರು ಬಂದ ನಾಲ್ಕು ಗಂಟೆಯೊಳಗೆ ವಾಪಸ್.

ಸಿ ಮತ್ತು ಡಿ ಗುಂಪಿನವರು 10:45ಕ್ಕೆ ಶುರು ಮಾಡಿದರೆ ಎರಡೂವರೆಯೊಳಗೆ ಮುಗಿಸುತ್ತಾರೆ. ಆಗಸ್ಟ್ ಆದ್ದರಿಂದ ನಡೆಯುತ್ತೆ. ಏಪ್ರಿಲ್‌ನಲ್ಲಾದರೆ ಈ ಬ್ಯಾಚನ್ನು ಮಾರನೇ ದಿನ ಬೆಳಿಗ್ಗೆಗೆ ಹಾಕಿ ಅಂತಿದ್ದೆ. ಸೆಮಿಫೈನಲ್ ಸಂಜೆ ನಾಲ್ಕಕ್ಕೆ. ಗೆದ್ದ ಮಕ್ಕಳು ಮನೆಗೆ ಹೋಗಿ ಮೊಸರನ್ನ ತಿಂದು ಒಂದು ನಿದ್ದೆ ಮಾಡಿ ಬರಲಿ.

ಇದೆಲ್ಲ ಕೆಡುವುದು ಒಂದೇ ಒಂದು ಪಂದ್ಯ ತಡವಾದರೆ. ಎರಡೂ ಅಂಕಣಕ್ಕೆ ಒಂದೇ ಗಡಿಯಾರ, ಒಂದೇ ಹಾರ್ನ್ ಇಡಿ. ಹಾರ್ನ್ ಹೊಡೆದಾಗ ಶುರು, ಹಾರ್ನ್ ಹೊಡೆದಾಗ ಮುಗಿತು. "ನಮ್ಮ ಸ್ಟ್ರೈಕರ್ ಟ್ರಾಫಿಕ್‌ನಲ್ಲಿದ್ದಾನೆ, ಐದು ನಿಮಿಷ ಸರ್" ಅಂತ ಯಾರಾದರೂ ಬಂದೇ ಬರುತ್ತಾರೆ. ಹೆಬ್ಬಾಳ ಫ್ಲೈಓವರ್ ಎಲ್ಲರಿಗೂ ಒಂದೇ ಅಂತ ಹೇಳಿ ಕಳಿಸಿ.

ಇನ್ನು ನಿಮ್ಮ ಮಗ ಆಡಿದ ಆರು ನಿಮಿಷದ ವಿಷಯ. ಇದು ನನಗೆ ಹೊಟ್ಟೆ ಉರಿಯುವ ವಿಚಾರ. ತಂಡಕ್ಕೆ ಹತ್ತು ಮಕ್ಕಳಿಗಿಂತ ಜಾಸ್ತಿ ಹೆಸರು ಬರೆಸಿಕೊಳ್ಳಬೇಡಿ. ಏಳು ಜನ ಇಪ್ಪತ್ತು ನಿಮಿಷ ಅಂದರೆ 140 ನಿಮಿಷದ ಆಟ, ಹತ್ತು ಮಕ್ಕಳಿಗೆ ಹಂಚಿದರೆ ತಲೆಗೆ ಹದಿನಾಲ್ಕು ನಿಮಿಷ. ಎಷ್ಟು ಸಲ ಬೇಕಾದರೂ ಆಟಗಾರರನ್ನು ಬದಲಿಸಬಹುದು, ಆದರೆ ಪ್ರತಿ ಮಗುವೂ ಪ್ರತಿ ಪಂದ್ಯದಲ್ಲಿ ಕನಿಷ್ಠ ಒಂದು ಅರ್ಧ ಆಡಲೇಬೇಕು ಅಂತ ನಿಯಮದಲ್ಲೇ ಬರೆಯಿರಿ. ಬಾಯಲ್ಲಿ ಹೇಳಿದರೆ ಯಾವ ಕೋಚೂ ಕೇಳುವುದಿಲ್ಲ. ನಾನೂ ಒಂದು ಕಾಲದಲ್ಲಿ ಕೇಳುತ್ತಿರಲಿಲ್ಲ.

ಅದೇ ತಾಯಿ: ತುಂಬಾ ಥ್ಯಾಂಕ್ಸ್ ಸರ್. ಮೈದಾನದಲ್ಲಿ ಬೇರೆ ಏನೇನು ಇರಬೇಕು?

ಉತ್ತರ: ಎಲ್ಲಕ್ಕಿಂತ ಮೊದಲು ಗೋಲ್‌ಪೋಸ್ಟ್ ಅಲ್ಲಾಡಿಸಿ ನೋಡಿ. ಎತ್ತಿ ಇಡುವಂಥ ಕಬ್ಬಿಣದ ಪೋಸ್ಟ್ ಆದರೆ ಹಿಂದಿನ ಪಟ್ಟಿಗೆ ಮರಳಿನ ಚೀಲ ಹೇರಿ ಅಥವಾ ಗೂಟ ಹೊಡೆದು ಕಟ್ಟಿ. ನೆಲಕ್ಕೆ ಭದ್ರವಾಗಿ ಕೂರಿಸದ ಪೋಸ್ಟ್ ಬಳಸಬಾರದು ಅಂತ ಆಟದ ಒಂದನೇ ನಿಯಮದಲ್ಲೇ ಇದೆ. ವಿರಾಮದಲ್ಲಿ ಚಿಕ್ಕ ಮಕ್ಕಳು ಅದಕ್ಕೆ ಜೋತು ಬೀಳುತ್ತಾರೆ. ಪೋಸ್ಟ್ ಮಗುಚಿ ಮಕ್ಕಳು ಸತ್ತದ್ದು ಎಷ್ಟೋ ದೇಶಗಳಲ್ಲಿ ಆಗಿದೆ. ಇದೊಂದರಲ್ಲಿ ತಮಾಷೆ ಬೇಡ.

ಆಮೇಲೆ ಟಾಯ್ಲೆಟ್. ಇದೆ ಅಂತ ಎಲ್ಲರೂ ಹೇಳುತ್ತಾರೆ. ಬೀಗದ ಕೈ ಯಾರ ಹತ್ತಿರ ಇದೆ, ನಲ್ಲಿಯಲ್ಲಿ ನೀರು ಬರುತ್ತಾ ಅಂತ ಹಿಂದಿನ ಸಂಜೆಯೇ ಹೋಗಿ ನೋಡಿ. ಹುಡುಗಿಯರ ತಂಡಗಳು ಒಂದು ಟೂರ್ನಿಗೆ ಮತ್ತೆ ಬರುತ್ತವೋ ಇಲ್ಲವೋ ಅನ್ನುವುದು ಇದರ ಮೇಲೇ ನಿಂತಿದೆ.

ಒಂದು ಶಾಮಿಯಾನ, ಐವತ್ತು ಪ್ಲಾಸ್ಟಿಕ್ ಕುರ್ಚಿ, ನೀರಿನ ಕ್ಯಾನ್. ಕುರ್ಚಿಗಳ ಮುಖ ಅಂಕಣದ ಕಡೆ ಇರಲಿ, ವೇದಿಕೆ ಕಡೆ ಅಲ್ಲ. ನಿಮ್ಮ ಚಿಕ್ಕವಳಂಥ ಮಕ್ಕಳಿಗೆ ಮೂಲೆಯಲ್ಲಿ ನಾಲ್ಕು ಕೋನ್, ಮೂರನೇ ಸೈಜಿನ ಎರಡು ಚಿಕ್ಕ ಚೆಂಡು ಇಟ್ಟುಬಿಡಿ. ಯಾರೂ ಏನೂ ಹೇಳಿಕೊಡಬೇಕಾಗಿಲ್ಲ, ಅವರೇ ಆಡಿಕೊಳ್ಳುತ್ತಾರೆ. ದೊಡ್ಡ ಮಕ್ಕಳ ಪಂದ್ಯಕ್ಕೆ ನಾಲ್ಕನೇ ಸೈಜ್.

ಐಸ್, ಬ್ಯಾಂಡೇಜ್, ನಿಂತೇ ಇರುವ ಒಂದು ಕಾರು, ಹತ್ತಿರದ ಆಸ್ಪತ್ರೆಯ ದಾರಿ ಗೊತ್ತಿರುವ ಒಬ್ಬರು. ತಲೆಗೆ ಪೆಟ್ಟು ಬಿದ್ದ ಮಗು ಎಷ್ಟೇ ಅತ್ತು ಕೇಳಿದರೂ ಆ ದಿನ ಮತ್ತೆ ಆಡುವ ಹಾಗಿಲ್ಲ. ಗುಡುಗು ಕೇಳಿಸಿದರೆ ಎಲ್ಲರೂ ಒಳಗೆ, ಕೊನೆಯ ಗುಡುಗಿನಿಂದ ಮೂವತ್ತು ನಿಮಿಷ ಆದಮೇಲೆ ಹೊರಗೆ.

ತಿಂಡಿ ಬಗ್ಗೆ ಹೆಚ್ಚು ಯೋಚಿಸಬೇಡಿ. ಇಡ್ಲಿ, ಬಾಳೆಹಣ್ಣು, ಉಪ್ಪು-ಸಕ್ಕರೆ ಹಾಕಿದ ನಿಂಬೆ ಪಾನಕ. ಕಾಫಿ ಮಾತ್ರ ಚೆನ್ನಾಗಿರಲಿ, ಅದು ಅಪ್ಪ-ಅಮ್ಮಂದಿರಿಗೆ.

ಪ್ರಶ್ನೆ (ಒಬ್ಬ ತಂದೆ, ಬಸವನಗುಡಿ): ಸರ್, ಅಂಡರ್-12ಕ್ಕೆ ಮೀಸೆ ಬಂದ ಹುಡುಗರನ್ನು ಇಳಿಸುತ್ತಾರಲ್ಲ, ಇದಕ್ಕೆ ಏನು ಮಾಡುವುದು?

ಉತ್ತರ: ರಾಷ್ಟ್ರಮಟ್ಟದಲ್ಲಿ ಮಣಿಕಟ್ಟಿನ ಎಕ್ಸ್‌ರೇ ತೆಗೆದು ಮೂಳೆಯ ವಯಸ್ಸು ನೋಡುತ್ತಾರೆ. ಅಪಾರ್ಟ್‌ಮೆಂಟ್ ಟೂರ್ನಿಗೆ ಅದೆಲ್ಲ ಅತಿಯಾಯಿತು. ಜನನ ಪ್ರಮಾಣಪತ್ರವನ್ನು ಹತ್ತು ದಿನ ಮುಂಚೆಯೇ ತರಿಸಿಕೊಳ್ಳಿ. ಮಕ್ಕಳ ಹೆಸರು, ಹುಟ್ಟಿದ ವರ್ಷ ಎರಡನ್ನೇ ತಂಡಗಳ ಮ್ಯಾನೇಜರ್‌ಗಳಿಗೆ ಕಳಿಸಿ. ತಕರಾರು ಇದ್ದರೆ ಐದು ದಿನದೊಳಗೆ ಹೇಳಬೇಕು, ಪಂದ್ಯದ ದಿನ ಬಾಯಿ ತೆಗೆಯುವ ಹಾಗಿಲ್ಲ. ಒಬ್ಬರ ಮೇಲೆ ಒಬ್ಬರು ಕಣ್ಣಿಟ್ಟಿರುವುದರಿಂದ ಅರ್ಧ ಕಳ್ಳಾಟ ಅಲ್ಲೇ ನಿಲ್ಲುತ್ತದೆ.

ಆದರೆ ಎತ್ತರ ನೋಡಿ ಮಾತ್ರ ಬೆರಳು ತೋರಿಸಬೇಡಿ. ಜನವರಿಯಲ್ಲಿ ಹುಟ್ಟಿದವನಿಗೂ ಡಿಸೆಂಬರ್‌ನಲ್ಲಿ ಹುಟ್ಟಿದವನಿಗೂ ಹತ್ತಿರ ಹತ್ತಿರ ಒಂದು ವರ್ಷದ ಅಂತರ. ಇಬ್ಬರೂ ಅಂಡರ್-12. ಒಂದು ಸಲ ನನ್ನದೇ ತಂಡದ ಎತ್ತರದ ಹುಡುಗನಿಗೆ ಎದುರು ತಂಡದ ಪೋಷಕರು "ಅಂಕಲ್, ಅಂಕಲ್" ಅಂತ ಕೂಗಿದರು. ಅವನಿಗೆ ಆಗ ಹನ್ನೊಂದೇ ವರ್ಷ. ಮುಂದಿನ ಎರಡು ತಿಂಗಳು ಪ್ರಾಕ್ಟೀಸಿಗೆ ಬರಲಿಲ್ಲ.

ಪ್ರಶ್ನೆ (ಇನ್ನೊಬ್ಬ ತಂದೆ): ಸತ್ಯ ಹೇಳಬೇಕು ಅಂದರೆ ನಾನೇ ಕೂಗುವವನು. "ಶೂಟ್ ಮಾಡೋ, ಪಾಸ್ ಕೊಡೋ" ಅಂತ. ಬಾಯಿ ನಿಲ್ಲುವುದಿಲ್ಲ. ತಪ್ಪಾ?

ಉತ್ತರ: ಒಪ್ಪಿಕೊಂಡಿರಲ್ಲ, ಅದೇ ದೊಡ್ಡದು. ಚಪ್ಪಾಳೆ ಎಷ್ಟು ಬೇಕಾದರೂ ಹೊಡೆಯಿರಿ. ಆದರೆ ಚೆಂಡು ಕಾಲಲ್ಲಿ ಇರುವಾಗ ಮಗ ನಿಮ್ಮ ಮಾತು ಕೇಳಬೇಕೋ, ನನ್ನ ಮಾತು ಕೇಳಬೇಕೋ, ತಾನೇ ನೋಡಿ ತೀರ್ಮಾನ ಮಾಡಬೇಕೋ? ಮೂರರಲ್ಲಿ ಕೊನೆಯದನ್ನು ಕಲಿಯಲೆಂದೇ ಅವನು ಬಂದಿರುವುದು. ನಾನು ಟೂರ್ನಿ ನಡೆಸುವಾಗ ಗೆರೆಯಿಂದ ಮೂರು ಮೀಟರ್ ಹಿಂದೆ ಹಗ್ಗ ಕಟ್ಟುತ್ತೇನೆ, ಗೋಲಿನ ಹಿಂದೆ ಯಾರನ್ನೂ ನಿಲ್ಲಿಸುವುದಿಲ್ಲ. ಸೀಟಿ ಹಿಡಿದ ರೆಫರಿಗಳು ಹೆಚ್ಚಾಗಿ ಹದಿನೆಂಟು-ಇಪ್ಪತ್ತರ ಹುಡುಗ ಹುಡುಗಿಯರು. ಅವರೂ ಯಾರದೋ ಮನೆಯ ಮಕ್ಕಳೇ.

ಗೌತಮಪುರದ ಕಡೆ ಹೋಗಿದ್ದೀರಾ? ಹಲಸೂರಿನ ಹತ್ತಿರ. ಬೀದಿಯಲ್ಲೇ ಪೆಲೆಯ ಪ್ರತಿಮೆ ಇದೆ. ಅಂಥ ಕಡೆ ಆಡಿ ಬೆಳೆದ ಹಿರಿಯರು ಮಕ್ಕಳ ಆಟ ನೋಡುವಾಗ ಗಮನಿಸಿ. ಕೈ ಕಟ್ಟಿಕೊಂಡು ನಿಂತಿರುತ್ತಾರೆ, ಒಳ್ಳೆಯ ಪಾಸ್ ಹೋದರೆ ಮಾತ್ರ ಒಂದು "ಆಹಾ!" ಬರುತ್ತದೆ.

ಪ್ರಶ್ನೆ (ಒಬ್ಬ ಅಜ್ಜ, ಮಲ್ಲೇಶ್ವರ): ಎಲ್ಲ ಮಕ್ಕಳಿಗೂ ಪದಕ ಕೊಡುವುದು ಈಗಿನ ಹೊಸ ಚಾಳಿ. ಸೋಲು ಅಂದರೆ ಏನು ಅಂತ ಮಕ್ಕಳಿಗೆ ಗೊತ್ತಾಗಬೇಡವೇ?

ಉತ್ತರ: ಸರ್, ಸೋತದ್ದು ಮಕ್ಕಳಿಗೆ ನಮಗಿಂತ ಚೆನ್ನಾಗಿ ಗೊತ್ತಿರುತ್ತದೆ. ಪದಕ ಕೊಟ್ಟರೂ ಸ್ಕೋರ್ ಅವರ ಬಾಯಲ್ಲೇ ಇರುತ್ತದೆ. ನಾರ್ವೆಯಲ್ಲಿ ಮಕ್ಕಳಿಗೆ ಹನ್ನೊಂದು ತುಂಬುವ ವರ್ಷದ ತನಕ ಅಂಕಪಟ್ಟಿ, ಶ್ರೇಯಾಂಕ ಇಡುವುದಿಲ್ಲ. ಅದೇ ನಾರ್ವೆಯಿಂದಲೇ ಹೆಸರಾಂತ ಸ್ಟ್ರೈಕರ್ ಎರ್ಲಿಂಗ್ ಹಾಲಂಡ್ ಬಂದದ್ದು. ನನ್ನ ಪದ್ಧತಿ ಏನೆಂದರೆ ಹತ್ತರ ಕೆಳಗಿನವರಿಗೆ ಎಲ್ಲರಿಗೂ ಪದಕ, ಆಮೇಲೆ ಗೆದ್ದವರಿಗೆ ಮಾತ್ರ. ನಿಮ್ಮ ಮಾತನ್ನೂ ಅರ್ಧ ಉಳಿಸಿಕೊಂಡಿದ್ದೇನೆ ನೋಡಿ.

ಪ್ರಶ್ನೆ (ಅಮೆರಿಕದ ಡಲ್ಲಾಸ್‌ನಿಂದ): ಇಲ್ಲಿ ದೊಡ್ಡ ಟೂರ್ನಿಗಳಲ್ಲಿ "ಸ್ಟೇ ಟು ಪ್ಲೇ" ಅಂತ ಇದೆ. ಹೊರ ಊರಿನ ತಂಡದವರು ಅವರು ಹೇಳಿದ ಹೋಟೆಲಲ್ಲೇ ರೂಮ್ ಮಾಡಬೇಕು. ಅಕ್ಕನ ಮನೆ ಹತ್ತು ನಿಮಿಷದ ದಾರಿ ಇದ್ದರೂ! ಇನ್ನೊಂದು ವಿಷಯ, ಇಲ್ಲಿ ಹತ್ತು ವರ್ಷದವರೆಗೆ ಹೆಡಿಂಗ್, ಅಂದರೆ ತಲೆಯಿಂದ ಚೆಂಡು ಹೊಡೆಯುವುದು, ಇಲ್ಲ. ಅಲ್ಲೂ ಹಾಗೇನಾ?

ಉತ್ತರ: ಹೆಡಿಂಗ್ ನಿಯಮ ಅಮೆರಿಕದ ಫುಟ್‌ಬಾಲ್ ಸಂಸ್ಥೆ 2015ರಲ್ಲಿ ತಂದದ್ದು. ಹನ್ನೊಂದರಿಂದ ಹದಿಮೂರರವರಿಗೂ ಪ್ರಾಕ್ಟೀಸಿನಲ್ಲಿ ಮಿತಿ ಇದೆ, ಅಲ್ವಾ? ನನ್ನ ಟೂರ್ನಿಗಳಲ್ಲಿ ಅಂಡರ್-12ರ ತನಕ ಚೆಂಡಿಗೆ ತಲೆ ಕೊಟ್ಟರೆ ಎದುರು ತಂಡಕ್ಕೆ ಫ್ರೀ ಕಿಕ್. ಮಕ್ಕಳು ಚೆಂಡನ್ನು ನೆಲದ ಮೇಲೆ ಆಡುವುದನ್ನೂ ಕಲಿಯುತ್ತಾರೆ.

ಹೋಟೆಲ್ ವಿಚಾರಕ್ಕೆ ದುಡ್ಡು ಕಟ್ಟುವ ಮುಂಚೆ ಕೇಳಿ: ಸೋತರೂ ಖಾತ್ರಿಯಾಗಿ ಸಿಗುವ ಪಂದ್ಯ ಎಷ್ಟು, ಮಳೆಯಿಂದ ರದ್ದಾದರೆ ಎಷ್ಟು ವಾಪಸ್, ಸಂಬಂಧಿಕರ ಮನೆಯಲ್ಲಿ ಉಳಿಯುವವರಿಗೆ ವಿನಾಯಿತಿ ಇದೆಯಾ. ಉತ್ತರ ಬರಹದಲ್ಲಿ ಬರಲಿ.

ಪ್ರಶ್ನೆ (ಒಬ್ಬ ತಾಯಿ, ಮೈಸೂರು): ಮಗಳ ಅಕಾಡೆಮಿಯವರು ಸ್ವೀಡನ್‌ನ ಗೋಥಿಯಾ ಕಪ್‌ಗೆ ಕರೆದುಕೊಂಡು ಹೋಗುತ್ತೇವೆ ಅಂತಿದ್ದಾರೆ. ಲಕ್ಷಗಳ ಲೆಕ್ಕ. ಕಳಿಸುವುದಾ?

ಉತ್ತರ: ಟೂರ್ನಿ ಒಳ್ಳೆಯದೇ. 1975ರಿಂದ ಗೋಥೆನ್‌ಬರ್ಗ್ ಊರಲ್ಲಿ ಪ್ರತಿ ಜುಲೈ ನಡೆಯುತ್ತದೆ. ಎಷ್ಟೋ ತಂಡದ ಮಕ್ಕಳು ಶಾಲೆಯ ಕೋಣೆಗಳಲ್ಲೇ ಹಾಸಿಗೆ ಹಾಸಿಕೊಂಡು ಮಲಗುತ್ತಾರೆ. ಗುಂಪಿನಲ್ಲಿ ಮೇಲೆ ಬಂದವರಿಗೆ ಎ ಪ್ಲೇಆಫ್ (ಸೋತರೆ ಹೊರಗೆ ಅನ್ನುವ ಸುತ್ತು), ಉಳಿದವರಿಗೆ ಬಿ ಪ್ಲೇಆಫ್. ಮೇಲೆ ಯಲಹಂಕದ ಮೇಡಂಗೆ ಹೇಳಿದ ಪ್ಲೇಟ್ ಕೂಡ ಅದೇ ಜಾಡಿನದು. ನಮ್ಮ ದೇಶದ ಮಿನರ್ವಾ ಅಕಾಡೆಮಿಯ ಹುಡುಗರು 2023ರಲ್ಲಿ ಅಲ್ಲಿ ಕಪ್ ಗೆದ್ದರು.

ಆದರೆ ಸಾಲ ಮಾಡಿ ಕಳಿಸಬೇಡಿ. ಅದು ಯಾವ ತಂಡ ಬೇಕಾದರೂ ಹೆಸರು ಕೊಟ್ಟು ಹೋಗುವ ಟೂರ್ನಿ. "ಮಗಳು ಸೆಲೆಕ್ಟ್ ಆಗಿದ್ದಾಳೆ" ಅಂತ ಹೇಳಿದರೆ ಯಾರು ಸೆಲೆಕ್ಟ್ ಮಾಡಿದ್ದು, ಆಗದೇ ಇದ್ದವರು ಯಾರು ಅಂತ ಕೇಳಿ. ಅದೇ ದುಡ್ಡಲ್ಲಿ ಗೋವಾ, ಕೇರಳದ ಕಡೆ ಎಷ್ಟು ಸಲ ಹೋಗಿ ಆಡಿ ಬರಬಹುದು ಅಂತಲೂ ಲೆಕ್ಕ ಹಾಕಿ.

ಪ್ರಶ್ನೆ (ಎಂಟು ವರ್ಷದವನ ಅಪ್ಪ): ಶೂ ಯಾವುದು ಕೊಡಿಸಲಿ? ಅಂಗಡಿಯವರು ಹತ್ತು ಸಾವಿರದ್ದು ತೋರಿಸುತ್ತಾರೆ.

ಉತ್ತರ: ಟರ್ಫ್ (ಕೃತಕ ಹುಲ್ಲು) ಆದರೆ ಚಿಕ್ಕ ಚಿಕ್ಕ ರಬ್ಬರ್ ಗುಬಟು ಇರುವ ಟರ್ಫ್ ಶೂ. ಉದ್ದ ಸ್ಟಡ್ ಬೇಡ, ಮಂಡಿ ತಿರುಚುತ್ತದೆ. ಎಲ್ಲಕ್ಕಿಂತ ಅಗ್ಗದ್ದನ್ನು ತೆಗೆದುಕೊಳ್ಳಿ, ಆರು ತಿಂಗಳಿಗೆ ಕಾಲು ಬೆಳೆದಿರುತ್ತದೆ. ಮಂಡಿ ಕೆಳಗಿನ ಮೂಳೆಗೆ ಕಟ್ಟುವ ಶಿನ್ ಗಾರ್ಡ್ ಮಾತ್ರ ಮರೆಯಬೇಡಿ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ಮೇಲೆ ಭಾರತದ ಗೋಲು ಹೊಡೆದ ಸಾರಂಗಪಾಣಿ ರಾಮನ್ ನಮ್ಮ ಬೆಂಗಳೂರಿನವರು. ಆ ತಂಡದಲ್ಲಿ ಹೆಚ್ಚಿನವರು ಬರಿಗಾಲಲ್ಲಿ ಆಡಿದ್ದು. ಅಂಗಡಿಯವರಿಗೆ ಇದನ್ನು ಹೇಳಿ ನೋಡಿ.

ಮೊದಲು ಕೇಳಿದ ತಾಯಿ: ಸರ್, ಕೊನೆಯದೊಂದು. ಪಂದ್ಯದ ಪಟ್ಟಿ ಎಲ್ಲರಿಗೂ ಒಪ್ಪಿಗೆ ಆಯಿತು. ಆದರೆ ನಮ್ಮ ಅಸೋಸಿಯೇಷನ್‌ನವರು ಬೆಳಿಗ್ಗೆ ಉದ್ಘಾಟನೆ ಬೇಕೇ ಬೇಕು ಅಂತಾರೆ. ಮುಖ್ಯ ಅತಿಥಿ, ದೀಪ, ಪೇಟ, ಶಾಲು ಎಲ್ಲ.

ಉತ್ತರ: ಅಯ್ಯೋ, ಇದನ್ನೇ ಮೊದಲು ಕೇಳಬೇಕಿತ್ತು ನೀವು. ಬೆಳಿಗ್ಗೆ ಇಟ್ಟರೆ ನಿಮ್ಮ ಏಳು ಗಂಟೆ ಎಂಟೂವರೆ ಆಗುತ್ತದೆ. ಸಂಜೆ ಸೆಮಿಫೈನಲ್‌ಗೂ ಫೈನಲ್‌ಗೂ ನಡುವೆ ಹದಿನೈದು ನಿಮಿಷ ಕೊಡಿ. ಹೇಗೂ ಆಟಗಾರರಿಗೆ ವಿಶ್ರಾಂತಿ ಬೇಕು, ಜನವೂ ಜಾಸ್ತಿ ಇರುತ್ತಾರೆ, ಫೋಟೋಗೆ ಬೆಳಕೂ ಚೆನ್ನಾಗಿರುತ್ತದೆ. ಹೀಗೆ ಹೇಳಿದರೆ ಅವರೂ ಒಪ್ಪುತ್ತಾರೆ. ಅತಿಥಿಗಳು ತಡವಾದರೆ ಹಾರ್ನ್ ಹೊಡೆದು ಫೈನಲ್ ಶುರು ಮಾಡಿಬಿಡಿ. ಪೇಟವನ್ನು ಸೋತ ತಂಡದ ಗೋಲ್‌ಕೀಪರ್‌ಗೆ ತೊಡಿಸಿದರೆ ಆಯಿತು.