ದೇವಿಮನೆ ಘಾಟಿ ಹತ್ತುವಾಗ ಪಿಕಪ್ ಹೀಟ್ ಆಗ್ತದೆ, ಹಿಂದೆ ಜನರೇಟರ್ ಟ್ರಾಲಿ ಇದೆ. ಎಷ್ಟರವರೆಗೆ ಅಡ್ಡಿಲ್ಲ?

ಕುಮಟಾ ಬೆಳಕು:

ಎಲ್ಲರಿಗೂ ನಮಸ್ಕಾರ. ಕುಮಟಾದಲ್ಲಿ ನಮ್ಮದು ಲೈಟಿಂಗ್ ಮತ್ತೆ ಜನರೇಟರ್ ಬಾಡಿಗೆ ಕೆಲಸ. ಮಳೆಗಾಲ ಮುಗಿದ ಮೇಲೆ ಮದುವೆ, ಯಕ್ಷಗಾನ, ತೇರು ಅಂತ ಮೇ ತನಕ ಓಡಾಟ. ಗಾಡಿ ಡೀಸೆಲ್ ಪಿಕಪ್, 2.5 ಲೀಟರ್, ಬಿಎಸ್6, ಏಸಿ ಇದೆ. ಹಿಂದೆ ಎರಡು ಚಕ್ರದ ಟ್ರಾಲಿ ಮೇಲೆ ಜನರೇಟರ್. ವೇ ಬ್ರಿಜ್ ಚೀಟಿ ಪ್ರಕಾರ ಟ್ರಾಲಿ ಸೇರಿ 1.4 ಟನ್. ಪಿಕಪ್ ಮೇಲೆ ಕೇಬಲ್, ಫ್ಲಡ್ ಲೈಟ್, ಕಬ್ಬಿಣದ ಕಂಬ ಎಲ್ಲ ಸೇರಿ ಇನ್ನೊಂದು ಅರ್ಧ ಟನ್ ಇರ್ತದೆ.

ಹೊನ್ನಾವರ, ಭಟ್ಕಳ ಕಡೆ ಹೈವೇಯಲ್ಲಿ ಎಷ್ಟು ದೂರ ಹೋದರೂ ಹೀಟ್ ಸೂಜಿ ಅರ್ಧದಿಂದ ಅಲುಗೋದಿಲ್ಲ. ಶಿರಸಿ ಬಾಡಿಗೆ ಬಂದರೆ ಮಾತ್ರ ತೊಂದರೆ. ಕತಗಾಲ ದಾಟಿ ಏರು ಶುರುವಾಗಿ ನಾಲ್ಕೈದು ತಿರುವು ಆಗೋದರೊಳಗೆ ಸೂಜಿ ಮೇಲೇಳ್ತದೆ. ದೇವಿಮನೆ ತಲುಪುವಾಗ ಕೆಂಪು ಗೆರೆಗೆ ಒಂದೇ ಗೆರೆ ಬಾಕಿ. ಮೇಲೆ ಹೋಗಿ ರಾಗಿಹೊಸಳ್ಳಿ ಕಡೆ ಸಪಾಟು ಸಿಕ್ಕಿದ ಕೂಡಲೇ ತಾನೇ ಇಳೀತದೆ. ನೀರು ಒಂದು ಹನಿಯೂ ಕಮ್ಮಿ ಆಗಿಲ್ಲ, ಕುದ್ದು ಹೊರಗೆ ಬಂದದ್ದೂ ಇಲ್ಲ.

ಒಂದು ಗ್ಯಾರೇಜಿನವರು ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾದ ಮೇಲೆ ರೇಡಿಯೇಟರ್‌ಗೆ ನೀರು ಬಿಡುವ ವಾಲ್ವ್) ತೆಗೆದು ಬಿಸಾಡು ಅಂದರು. ಇನ್ನೊಂದು ಕಡೆ ರೇಡಿಯೇಟರ್ರೇ ಬದಲಿಸು ಅಂದರು. ಅಪ್ಪ ಹೇಳೋದು, ಘಾಟಿಯಲ್ಲಿ ಎಲ್ಲ ಗಾಡಿಯೂ ಹೀಟ್ ಆಗ್ತದೆ, ತಲೆ ಕೆಡಿಸಿಕೊಳ್ಳಬೇಡ ಅಂತ. ಮಾರಿಕಾಂಬಾ ಜಾತ್ರೆ ಸಮಯದಲ್ಲಿ ಮೇಲೆ ಕೆಳಗೆ ಓಡಾಟ ಜಾಸ್ತಿ, ಬಿಸಿಲೂ ಜಾಸ್ತಿ. ಅದಕ್ಕಿಂತ ಮೊದಲು ಸರಿ ಮಾಡಿಸಬೇಕು. ಎಷ್ಟು ಡಿಗ್ರಿ ತನಕ ಹೆದರಿಕೆ ಇಲ್ಲ? ಮೊದಲು ಏನು ನೋಡಬೇಕು? ಗಾಡಿ ಫೋಟೋ ಹಾಕಿದ್ದೇನೆ.

ಹೊನ್ನಾವರ ಜೀಪು:

ಗ್ಯಾರೇಜಿನವರು ಹೇಳಿದ್ದೇ ಸರಿ. ನಮ್ಮ ಹಳೇ ಜೀಪಿನಲ್ಲಿ ಥರ್ಮೋಸ್ಟಾಟ್ ತೆಗೆದೇ ಓಡಿಸೋದು. ಗೇರುಸೊಪ್ಪೆಯಿಂದ ಮಾವಿನಗುಂಡಿಗೆ ಹತ್ತಿದರೂ ತಣ್ಣಗೆ ಇರ್ತದೆ. ರೇಡಿಯೇಟರ್‌ಗೆ ದುಡ್ಡು ಹಾಕುವ ಮೊದಲು ಇದನ್ನು ಮಾಡಿ ನೋಡಿ.

ಅಂಕೋಲಾ ಟ್ಯಾಂಕರ್:

ತಮ್ಮಾ, ಥರ್ಮೋಸ್ಟಾಟ್‌ಗೆ ಕೈ ಹಚ್ಚಬೇಡ. ಕಾರವಾರ ಬಂದರಿನಿಂದ ಡಾಂಬರು ತುಂಬಿದ ಟ್ಯಾಂಕರನ್ನು ಅರಬೈಲ್ ಘಾಟಿ ಹತ್ತಿಸಿ ಹುಬ್ಬಳ್ಳಿ ಕಡೆ ಹೊಡೆದವ ನಾನು. ಈಗ ಅಂಕೋಲೆಯಲ್ಲಿ ಸಣ್ಣ ಗ್ಯಾರೇಜ್ ಇಟ್ಟುಕೊಂಡಿದ್ದೇನೆ. ಈ ಒಂದು ಸಲಹೆಯಿಂದ ಹಾಳಾದ ಎಂಜಿನ್‌ಗಳನ್ನು ನೋಡಿ ಬೇಜಾರು ಬಂದಿದೆ, ಅದಕ್ಕೇ ಉದ್ದ ಬರೀತಿದ್ದೇನೆ.

ಆ ವಾಲ್ವ್ 82 ಡಿಗ್ರಿ ಹೊತ್ತಿಗೆ ತೆರೆಯೋಕೆ ಶುರುವಾಗಿ 95ರ ಆಸುಪಾಸಿಗೆ ಪೂರ್ತಿ ತೆರೆದಿರ್ತದೆ. ಘಾಟಿಯಲ್ಲಿ ನಿನ್ನ ಎಂಜಿನ್ 100 ದಾಟಿದೆ ಅಂದರೆ ಅದು ಆಗಲೇ ಬಾಯಿ ತೆರೆದುಕೊಂಡೇ ಕೂತಿದೆ. ಸುಸ್ಥಿತಿಯಲ್ಲಿರೋ ವಾಲ್ವ್ ತೆಗೆದರೆ ಘಾಟಿಯಲ್ಲಿ ಲಾಭ ಏನೂ ಇಲ್ಲ. ಮೇಲಿಂದ, ಎಷ್ಟೋ ಎಂಜಿನ್‌ಗಳಲ್ಲಿ ಈ ವಾಲ್ವ್ ಪೂರ್ತಿ ತೆರೆದಾಗ ಅದರ ಕೆಳಗಿನ ತಟ್ಟೆ ಬೈಪಾಸ್ ದಾರಿ ಮುಚ್ಚುತ್ತದೆ. ವಾಲ್ವೇ ಇಲ್ಲದಿದ್ದರೆ ಬೈಪಾಸ್ ಸದಾ ತೆರೆದೇ ಇರ್ತದೆ, ಬಿಸಿ ನೀರಿನಲ್ಲಿ ಒಂದು ಪಾಲು ರೇಡಿಯೇಟರ್ ಮುಖ ನೋಡದೆ ತಿರುಗಿ ಎಂಜಿನ್‌ಗೇ ಹೋಗ್ತದೆ. ಇನ್ನು ಸಪಾಟು ರಸ್ತೆಯಲ್ಲಿ ಎಂಜಿನ್ ಬಿಸಿಯೇ ಏರೋದಿಲ್ಲ. ಡೀಸೆಲ್ ಜಾಸ್ತಿ ಕುಡೀತದೆ, ಬಿಎಸ್6 ಗಾಡಿಯಲ್ಲಿ ಸೈಲೆನ್ಸರಿನ ಮಸಿ ಫಿಲ್ಟರ್ ಸುಟ್ಟು ಸ್ವಚ್ಛ ಆಗೋದಕ್ಕೂ ತೊಂದರೆ. ವಾಲ್ವ್ ಜಾಮ್ ಆಗಿದೆ ಅಂತ ಅನುಮಾನ ಇದ್ದರೆ ಬಿಚ್ಚಿ ಪಾತ್ರೆ ನೀರಿನಲ್ಲಿ ಕಾಯಿಸಿ ನೋಡು. ತೆರೆಯದಿದ್ದರೆ ಹೊಸದು ಹಾಕು.

ಈಗ ಡಿಗ್ರಿ ಲೆಕ್ಕ. ಡ್ಯಾಶ್‌ಬೋರ್ಡಿನ ಸೂಜಿಯನ್ನು ನಂಬಿ ಕೂರಬೇಡ. ಹೆಚ್ಚಿನ ಗಾಡಿಗಳಲ್ಲಿ 80 ಇದ್ದರೂ ನೂರರ ಹತ್ತಿರ ಇದ್ದರೂ ಅದು ನಡುವೆಯೇ ನಿಲ್ಲೋ ಹಾಗೆ ಮಾಡಿರ್ತಾರೆ. ನಡು ಬಿಟ್ಟು ಎದ್ದಿದೆ ಅಂದರೆ ನಿಜಕ್ಕೂ ಬಿಸಿ ಏರಿದೆ. ಸ್ಟೇರಿಂಗ್ ಕೆಳಗಿನ ಓಬಿಡಿ ಸಾಕೆಟ್‌ಗೆ ಸಿಕ್ಕಿಸೋ ಬ್ಲೂಟೂತ್ ರೀಡರ್ ಒಂದು ತಗೋ, ಮೊಬೈಲಿನಲ್ಲಿ ಕೂಲಂಟ್ ಎಷ್ಟು ಡಿಗ್ರಿ ಅಂತ ನೇರ ಕಾಣ್ತದೆ. ಸಪಾಟಿನಲ್ಲಿ 85ರಿಂದ 95. ಭಾರ ಎಳೆದು ಘಾಟಿ ಹತ್ತುವಾಗ 100, 105 ಬಂದರೆ ನಾನು ಹೆದರೋದಿಲ್ಲ. 110 ಕಂಡರೆ ಏಸಿ ಬಂದ್, ಕಾಲು ಹಗುರ. ಆಮೇಲೂ ಏರ್ತಾ 115ಕ್ಕೆ ಹೋದರೆ ಜಾಗ ನೋಡಿ ನಿಲ್ಲಿಸು. ಅರ್ಧ ಕೂಲಂಟ್ ಅರ್ಧ ನೀರು ಹಾಕಿ, ರೇಡಿಯೇಟರ್ ಕ್ಯಾಪ್ 1 ಬಾರ್ ಒತ್ತಡ ಹಿಡಿದರೆ ಅದು ಕುದಿಯೋದು 125 ದಾಟಿದ ಮೇಲೆ. ಬರೀ ನೀರಾದರೆ 120ಕ್ಕೇ. ಕ್ಯಾಪಿನ ರಬ್ಬರ್ ಒಡೆದಿದ್ದರೆ ಇನ್ನೂ ಬೇಗ. ಕ್ಯಾಪ್ ಬೆಲೆ ರೇಡಿಯೇಟರಿನ ಮುಂದೆ ಏನೂ ಅಲ್ಲ, ಮೊದಲು ಅದನ್ನು ನೋಡು. ಬಾವಿ ನೀರು, ಬೋರ್ ನೀರು ಹಾಕಲೇಬೇಡ. ನಮ್ಮ ಕಡಲಬದಿ ನೀರಿನಲ್ಲಿ ಉಪ್ಪಿನ ಅಂಶ ಇರ್ತದೆ, ಒಳಗೆ ಕಿಲುಬು ಹಿಡೀತದೆ. ಬ್ಯಾಟರಿಗೆ ಹಾಕೋ ಡಿಸ್ಟಿಲ್ಡ್ ವಾಟರ್ ತಾ.

ಬಿಸಿ ಎಲ್ಲಿಂದ ಬರ್ತದೆ ಅಂತ ಒಮ್ಮೆ ಲೆಕ್ಕ ಹಾಕು. ಗಾಡಿ, ಮಾಲು, ಟ್ರಾಲಿ ಎಲ್ಲ ಸೇರಿ 3.7 ಟನ್ ಹಿಡಿಯೋಣ. ಶಿರಸಿ ಸಮುದ್ರ ಮಟ್ಟದಿಂದ ಸುಮಾರು 600 ಮೀಟರ್ ಮೇಲೆ. ಅಷ್ಟು ಭಾರ ಅಷ್ಟು ಎತ್ತರಕ್ಕೆ ಏರಿಸಲಿಕ್ಕೆ ಸುಮಾರು 6 ಯೂನಿಟ್ ಶಕ್ತಿ ಬೇಕು, ಕರೆಂಟ್ ಬಿಲ್ಲಿನಲ್ಲಿ ಬರೋ ಯೂನಿಟ್ಟೇ. ಡೀಸೆಲ್ ಎಂಜಿನ್ ಚಕ್ರಕ್ಕೆ ಎಷ್ಟು ಶಕ್ತಿ ಕೊಡ್ತದೋ ಹೆಚ್ಚುಕಮ್ಮಿ ಅಷ್ಟೇ ಶಾಖವನ್ನು ಕೂಲಂಟ್‌ಗೂ ಕೊಡ್ತದೆ, ಉಳಿದದ್ದು ಸೈಲೆನ್ಸರಿನಲ್ಲಿ ಹೋಗ್ತದೆ. ಆ ಏರನ್ನು 20 ನಿಮಿಷದಲ್ಲಿ ಹತ್ತಿದರೆ ರೇಡಿಯೇಟರ್ 18 ಕಿಲೋವ್ಯಾಟ್ ಬಿಸಿ ಹೊರಹಾಕಬೇಕು, 30 ನಿಮಿಷ ತಗೊಂಡರೆ 12 ಸಾಕು. ಅದಕ್ಕೇ ಹೇಳೋದು, ಅವಸರ ಬಿಡು.

ಹಾಗಂತ ದೊಡ್ಡ ಗೇರಿನಲ್ಲಿ ಎಂಜಿನ್ ಒದ್ದಾಡಿಸಿ ನಿಧಾನ ಹೋಗೋದಲ್ಲ. ಏರು ಶುರುವಾಗೋ ಮೊದಲೇ ಸೆಕೆಂಡ್ ಅಥವಾ ಥರ್ಡ್ ಗೇರಿಗೆ ಬಾ. ಎಂಜಿನ್ 2,000ದಿಂದ 2,500 ಸುತ್ತು ತಿರುಗ್ತಿರಲಿ, ಆಕ್ಸಿಲರೇಟರ್ ಅರ್ಧಕ್ಕಿಂತ ಕೆಳಗಿರಲಿ. ಆಗ ವಾಟರ್ ಪಂಪೂ ಜೋರಾಗಿ ತಿರುಗ್ತದೆ, ಬೆಲ್ಟಿನ ಫ್ಯಾನ್ ಆದರೆ ಅದೂ. 1,300 ಸುತ್ತಿನಲ್ಲಿ ಪೆಡಲ್ ಪೂರ್ತಿ ಒತ್ತಿ ಹತ್ತಿಸಿದರೆ ಶಾಖ ಹುಟ್ಟೋದು ಜಾಸ್ತಿ, ನೀರು ಹರಿಯೋದು ಕಮ್ಮಿ. ಬಾಡಿಗೆ ಗಾಡಿಯವರು ಡೀಸೆಲ್ ಉಳಿಸ್ತೇನೆ ಅಂತ ಇದನ್ನೇ ಮಾಡ್ತಾರೆ, ನೋಡಿದರೆ ಸಂಕಟ ಆಗ್ತದೆ.

ಮತ್ತೆ ನಿನ್ನ ಫೋಟೋ ದೊಡ್ಡದು ಮಾಡಿ ನೋಡಿದೆ. ಗ್ರಿಲ್ ಮುಂದೆ ಬಾಡಿಗೆ ಬೋರ್ಡ್ ಕಟ್ಟಿದೆ, ಅರ್ಧ ಗ್ರಿಲ್ ಮುಚ್ಚಿದೆ. ಅದನ್ನು ಇವತ್ತೇ ತೆಗೆದು ಕ್ಯಾಬಿನ್ ಮೇಲೆ ಕಟ್ಟು. ಆಮೇಲೆ ಏಸಿ ಕಂಡೆನ್ಸರ್ (ರೇಡಿಯೇಟರ್ ಮುಂದೆ ಇರೋ ಏಸಿಯ ಜಾಲರಿ) ಮತ್ತೆ ರೇಡಿಯೇಟರ್ ನಡುವಿನ ಸಂದಿಗೆ ಟಾರ್ಚ್ ಬಿಟ್ಟು ನೋಡು. ಎದುರಿನಿಂದ ಚೊಕ್ಕ ಕಾಣ್ತದೆ, ಹೊಲಸು ಇರೋದು ಒಳಗೆ. ನೀರು ಬಿಡುವಾಗ ಎಂಜಿನ್ ಕಡೆಯಿಂದ ಮುಂದಕ್ಕೆ ಬಿಡು, ಸರ್ವಿಸ್ ಸ್ಟೇಷನ್ನಿನ ಜೋರು ಪ್ರೆಶರ್ ಬೇಡ. ಕರಾವಳಿಯ ಉಪ್ಪು ಗಾಳಿಗೆ ಅಲ್ಯೂಮಿನಿಯಂ ಎಸಳು ಪುಡಿಯಾಗಿರ್ತವೆ. ಉಗುರಿನಿಂದ ಕೆರೆದರೆ ಬಿಳಿ ಹಿಟ್ಟು ಉದುರಿದರೆ ಮಾತ್ರ ರೇಡಿಯೇಟರ್ ಬದಲಿಸೋ ಮಾತು.

ಫ್ಯಾನ್ ಬೆಲ್ಟಿನದ್ದು, ನಡುವೆ ವಿಸ್ಕಸ್ ಕ್ಲಚ್ (ದಪ್ಪ ಎಣ್ಣೆಯ ಹಿಡಿತದಿಂದ ಫ್ಯಾನ್ ತಿರುಗಿಸೋದು) ಇರೋದಾದರೆ ಒಂದು ಪರೀಕ್ಷೆ. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಬಂದ್ ಮಾಡಿ, ಕೀ ಜೇಬಿಗೆ ಹಾಕಿ, ಫ್ಯಾನಿನ ರೆಕ್ಕೆಯನ್ನು ಕೈಯಿಂದ ದೂಡು. ಗಟ್ಟಿ ಜೋನಿಬೆಲ್ಲದಲ್ಲಿ ಸೌಟು ತಿರುಗಿಸಿದ ಹಾಗೆ ತಡೆದು ತಡೆದು ತಿರುಗಬೇಕು. ಗಿರಗಿರ ಸುತ್ತಿದರೆ ಒಳಗಿನ ಸಿಲಿಕೋನ್ ಎಣ್ಣೆ ಸೋರಿ ಕ್ಲಚ್ ಸತ್ತಿದೆ. ಕರೆಂಟಿನ ಫ್ಯಾನ್ ಆದರೆ ಕೈ ಹಾಕಬೇಡ, ಎಂಜಿನ್ ಬಂದ್ ಇದ್ದರೂ ತಾನೇ ತಿರುಗಬಹುದು.

ಕುಮಟಾ ಬೆಳಕು:

ಅಣ್ಣ, ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ, ದೊಡ್ಡ ಉಪಕಾರ. ಬೋರ್ಡ್ ತೆಗೆದೆ. ಕಂಡೆನ್ಸರ್ ಹಿಂದೆ ಟಾರ್ಚ್ ಬಿಟ್ಟರೆ ಕೆಳಗಿನ ಮೂಲೆಯಲ್ಲಿ ಕೆಂಪು ಮಣ್ಣು, ಹುಳ, ಒಣ ಹುಲ್ಲು ಸೇರಿ ಕಂಬಳಿ ಹಾಗೆ ಗಟ್ಟಿಯಾಗಿತ್ತು. ದೇವಿಮನೆಯಲ್ಲಿ ರಸ್ತೆ ಅಗಲ ಮಾಡುವ ಕೆಲಸದ ಧೂಳೇ ಇರಬೇಕು. ಮೇಲಿನ ಬ್ರಾಕೆಟ್ ಸಡಿಲಿಸಿ ಕಂಡೆನ್ಸರ್ ಮುಂದೆ ಬಾಗಿಸಿ ತೊಳೆಸಿದೆ, ಎಸಳು ಗಟ್ಟಿ ಇವೆ. ಫ್ಯಾನ್ ನೀವು ಹೇಳಿದ ಹಾಗೇ ಬಿಗಿಯಾಗಿ ತಿರುಗ್ತದೆ. ಕ್ಯಾಪ್ ಹೊಸದು ಹಾಕಿದೆ.

ನಿನ್ನೆ ಅದೇ ಟ್ರಾಲಿ ಕಟ್ಟಿಕೊಂಡು ಮಧ್ಯಾಹ್ನದ ಬಿಸಿಲಲ್ಲೇ ಶಿರಸಿಗೆ ಹೋದೆ. ರೀಡರಿನಲ್ಲಿ ಸಪಾಟಿನಲ್ಲಿ 88, ಘಾಟಿಯಲ್ಲಿ ಜಾಸ್ತಿ ಅಂದರೆ 103. ಮುಂದೆ ಲಾರಿ ಸಿಕ್ಕಿ ತೆವಳಿದ ಕಡೆ ಆದದ್ದು ಅದು. ಸೂಜಿ ನಡುವಿನಿಂದ ಕೂದಲೆಳೆಯಷ್ಟು ಎದ್ದಿತ್ತು ಅಷ್ಟೇ. ಮೇಲೆ ತಲುಪಿದ ಮೇಲೆ ಕೂಡಲೇ ಬಂದ್ ಮಾಡಬೇಕಾ, ಬೇಡವಾ?

ಶಿರಸಿ ತೋಟ:

ನಡುವೆ ಬಾಯಿ ಹಾಕ್ತಿದ್ದೇನೆ. ಎಲ್ಲರೂ ಎಂಜಿನ್ ನೋಡಿದ್ದೀರಿ, ಟ್ರಾಲಿ ಚಕ್ರ ಯಾರೂ ಕೇಳಲಿಲ್ಲ. ನಮ್ಮ ಅಡಿಕೆ ಸುಲಿಯೋ ಮಷಿನ್ ಟ್ರಾಲಿಯಲ್ಲಿ ಒಂದು ಬದಿ ಬೇರಿಂಗ್ ಹಿಡಿದುಕೊಂಡು ಪಿಕಪ್ ಎಳೆಯಲಾರದೆ ಒದ್ದಾಡ್ತಿತ್ತು. ಮೇಲೆ ಹೋಗಿ ನಿಂತಾಗ ಎರಡೂ ಹಬ್ ಹತ್ತಿರ ಅಂಗೈ ಹಿಡಿದು ನೋಡಿ, ಒಂದು ಮಾತ್ರ ಸುಡುವಷ್ಟು ಬಿಸಿ ಇದ್ದರೆ ಬಿಚ್ಚಿಸಿ. ಟೈರಿನ ಗಾಳಿಯೂ ನೋಡಿ.

ಅಂಕೋಲಾ ಟ್ಯಾಂಕರ್:

ತೋಟದವರು ಹೇಳಿದ್ದು ಬಹಳ ಸರಿ, ನನ್ನ ಬರಹದಲ್ಲಿ ಅದು ಇರಲಿಲ್ಲ.

ತಮ್ಮಾ, 103 ಅಂದರೆ ಒಳ್ಳೇ ಲೆಕ್ಕ, ರೇಡಿಯೇಟರಿಗೆ ದುಡ್ಡು ಹಾಕಬೇಡ. ಮೇಲೆ ತಲುಪಿದ ಕೂಡಲೇ ಬಂದ್ ಮಾಡಬಾರದು. ಎರಡು ಮೂರು ನಿಮಿಷ ಐಡಲ್‌ನಲ್ಲಿ ಬಿಡು. ಪಂಪ್ ನಿಂತರೆ ಹೆಡ್ಡಿನ ಬಿಸಿ ಅಲ್ಲೇ ಕೂರ್ತದೆ, ಟರ್ಬೋ ಬೇರಿಂಗಿಗೂ ಎಣ್ಣೆ ಹೋಗೋದಿಲ್ಲ. ಬಿಸಿ ಇರುವಾಗ ಕ್ಯಾಪ್ ಮಾತ್ರ ಮುಟ್ಟಬೇಡ, ಮುಖಕ್ಕೆ ಹಾರ್ತದೆ.

ಇಳಿಯುವಾಗ ಎಂಜಿನ್ ತಣ್ಣಗಿರ್ತದೆ, ಬಿಸಿಯಾಗೋದು ಬ್ರೇಕ್. ನಿನ್ನ ಟ್ರಾಲಿಗೆ ಬ್ರೇಕ್ ಇದೆಯೋ ಇಲ್ಲವೋ ನೀನು ಬರೆದಿಲ್ಲ. 1.4 ಟನ್ ಹಿಂದಿನಿಂದ ದೂಡುವಾಗ ಪಿಕಪ್ಪಿನ ಬ್ರೇಕ್ ಒಂದೇ ಸಾಲದು. ಎಷ್ಟು ಎಳೆಯಬಹುದು, ಬ್ರೇಕ್ ಇಲ್ಲದ ಟ್ರಾಲಿಯಾದರೆ ಎಷ್ಟು ಅಂತ ಗಾಡಿಯ ಪುಸ್ತಕದಲ್ಲಿ ನೋಡು. ಬ್ರೇಕ್ ಇಲ್ಲದಿದ್ದರೆ ಜಾತ್ರೆಗೆ ಮೊದಲು ಹಾಕಿಸು, ಅಂಕೋಲೆಗೆ ತಂದರೆ ನಾನೇ ನೋಡಿಕೊಡ್ತೇನೆ. ಅಲ್ಲಿವರೆಗೆ ಹತ್ತಿದ ಗೇರಿನಲ್ಲೇ ಇಳಿ, ಪೆಡಲ್ ಮೇಲೆ ಕಾಲಿಟ್ಟುಕೊಂಡೇ ಇರಬೇಡ, ತಿರುವಿಗೆ ಮೊದಲು ಒತ್ತಿ ಬಿಡು.